ಮಾವಿನ ಮರದ ಗಂಧದ ಕೊರಡು

ನಮ್ಮವರಿಗೆ ಹಳೆಯ ಯಂತ್ರಗಳೆಂದರೆ ಪ್ರಾಣ. ಕಾಶಿಗೆ ವರ್ಗವಾಗಿ ಬಂದವರು ಮೊದಲು ವಿಶ್ವನಾಥನ ದರ್ಶನ ಮಾಡುತ್ತಾರೆ. ಇವರು ಗುಜರಿ ಅಂಗಡಿಗಳ ದರ್ಶನ ಮುಗಿಸಿ ಆಮೇಲೆ ದೇವಸ್ಥಾನಕ್ಕೆ ಹೋದರು. ರೈಲ್ವೆಯಲ್ಲಿ ಗುಮಾಸ್ತರ ಕೆಲಸ. ದಿನವಿಡೀ ಹಿಡಿಯುವುದು ಪೆನ್ನು, ಹಿಡಿಯಬೇಕೆಂಬ ಆಸೆ ಸ್ಪ್ಯಾನರು. ಮದುವೆಯಾಗಿ ಮೂರು ವರ್ಷವಾಗುವ ಹೊತ್ತಿಗೆ ನಮ್ಮ ಕ್ವಾರ್ಟರ್ಸಿನ ವರಾಂಡದಲ್ಲಿ ನಿಂತುಹೋದ ಗಡಿಯಾರ, ರೆಕ್ಕೆ ಸೊಟ್ಟಗಾದ ಟೇಬಲ್ ಫ್ಯಾನು, ಹಾಡದ ರೇಡಿಯೋ ಎಲ್ಲ ಬಂದು ಕೂತಿದ್ದವು. ಬಿಚ್ಚಿ ಹರಡುವುದು ಅವರ ಕೆಲಸ, ಸುತ್ತ ಗುಡಿಸುವುದು ನನ್ನದು.

ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಅವರು ರಿಕ್ಷಾದಿಂದ ಇಳಿಸಿದ್ದು ಮರ ಕೊಯ್ಯುವ ಮಿಷನ್ನು. ಯಾರೋ ಟಿಂಬರ್ ಕಂಟ್ರಾಕ್ಟರ್ ಬಳಸಿ ಬಿಸಾಕಿದ್ದು. ಎಂಜಿನ್ನಿನ ಕೆಂಪು ಬಣ್ಣ ಅರ್ಧ ಹೋಗಿತ್ತು, ಹಿಡಿಗೆ ಯಾರೋ ಸೈಕಲ್ ಟ್ಯೂಬು ಸುತ್ತಿದ್ದರು. ಮುಂದೆ ಚಾಚಿಕೊಂಡಿರಬೇಕಾದ ಉಕ್ಕಿನ ಪಟ್ಟಿ ಇರಲಿಲ್ಲ. ಆ ಪಟ್ಟಿಯ ಸುತ್ತ ಓಡಬೇಕಾದ ಹಲ್ಲಿನ ಚೈನೂ ಇರಲಿಲ್ಲ.

"ಹಲ್ಲಿಲ್ಲದ ಮುದುಕನ್ನ ಕರ್ಕೊಂಡು ಬಂದಿದೀರಲ್ರೀ" ಎಂದೆ.

"ಹಲ್ಲು ಕಟ್ಟಿಸಿದರಾಯ್ತು ಬಿಡು" ಎಂದರು.

ಕಲ್ಕತ್ತೆಯ ಸ್ನೇಹಿತರೊಬ್ಬರಿಗೆ ಕಾಗದದ ಮೇಲೆ ಕಾಗದ ಬರೆದು, ಬೇಸಿಗೆಯ ಹೊತ್ತಿಗೆ ಹೊಸ ಪಟ್ಟಿ, ಹೊಸ ಚೈನು ತರಿಸಿಯೇ ಬಿಟ್ಟರು. ಎಣ್ಣೆ ಕಾಗದದಲ್ಲಿ ಸುತ್ತಿದ ಆ ಚೈನನ್ನು ಬಿಚ್ಚಿದಾಗ ಅವರ ಮುಖ ನೋಡಬೇಕಿತ್ತು. ನನಗೆ ತಾಳಿ ಕಟ್ಟುವಾಗಲೂ ಅಷ್ಟು ಅರಳಿರಲಿಲ್ಲ. ಆದರೆ ಕೊಯ್ದು ನೋಡಲು ಮರವೆಲ್ಲಿದೆ? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತ ನಾನು ಅವರನ್ನು ದಿನವೂ ಕೆಣಕುತ್ತಿದ್ದೆ.

ಕಡಲೆಯನ್ನು ಆಂಧಿ ತಂದುಕೊಟ್ಟಿತು. ಆ ಕಡೆ ಮಳೆಗೆ ಮುಂಚೆ ಧೂಳಿನ ಬಿರುಗಾಳಿ ಏಳುತ್ತದೆ, ಅದಕ್ಕೆ ಆಂಧಿ ಎನ್ನುತ್ತಾರೆ. ಜ್ಯೇಷ್ಠ ಮಾಸದ ಒಂದು ಗುರುವಾರ ಸಂಜೆ ಎದ್ದ ಆಂಧಿಗೆ ನಮ್ಮ ಹಿತ್ತಲಿಗೆ ಅಂಟಿಕೊಂಡಿದ್ದ ಹಳೆಯ ಮಾವಿನ ಮರದ ದೊಡ್ಡ ಕೊಂಬೆಯೊಂದು, ಕೊಂಬೆಯೇನು, ಅರ್ಧ ಮರವೇ, ಗೋಡೆಯ ಪಕ್ಕ ಬಿತ್ತು. ಬೇಕಾದವರು ಭಾನುವಾರದೊಳಗೆ ಕಡಿದು ಒಯ್ಯಬಹುದು, ಸೋಮವಾರ ಉಳಿದದ್ದನ್ನು ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಆಫೀಸಿನಿಂದ ಹೇಳಿಕಳಿಸಿದರು. ಚಿಕ್ಕ ರೆಂಬೆಗಳು ಶುಕ್ರವಾರವೇ ಮಾಯವಾದವು. ದಪ್ಪನೆಯ ಬುಡವನ್ನು ಮಾತ್ರ ಯಾರೂ ಮುಟ್ಟದಂತೆ ಇವರು ಕಾವಲು ಕಾದರು. ಭಾನುವಾರ ಬೆಳಿಗ್ಗೆ ಅದನ್ನು ತಾವೇ ಕೊಯ್ಯುವುದೆಂದು ಸಾರಿದರು.

ಭಾನುವಾರವೆಂದರೆ ದೊಡ್ಡತ್ತೆ ಬರುವ ದಿನ. ನಮ್ಮವರ ತಾಯಿಯ ಅಕ್ಕ, ನಾನು ದೊಡ್ಡತ್ತೆ ಎನ್ನುತ್ತಿದ್ದೆ. ತುಮಕೂರು ಸೀಮೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ಯಾರ ಮುಖ ನೋಡಿಕೊಂಡಿರಲಿ ಎಂದು ಕಾಶಿಗೆ ಬಂದು, ವಿಶ್ವನಾಥ ಗಲ್ಲಿಯ ಹಿಂದೊಂದು ಮೂರನೇ ಅಂತಸ್ತಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಬೆಳಗಿನ ಜಾವ ದಶಾಶ್ವಮೇಧದಲ್ಲಿ ಸ್ನಾನ, ಬಂದು ಗಂಧ ತೇಯ್ದು ಪೂಜೆ, ಒಂದು ಹೊತ್ತು ಊಟ. ಸಾಯುವತನಕ ಕಾಶಿಯ ಎಲ್ಲೆ ದಾಟುವುದಿಲ್ಲವೆಂದು ಸಂಕಲ್ಪ ಮಾಡಿದ್ದರು. ನಮ್ಮ ಕ್ವಾರ್ಟರ್ಸು ವರುಣಾ ನದಿಯ ಈಚೆಗೇ ಇದ್ದರೂ ಅವರಿಗೆ ಪ್ರತಿ ವಾರ ಅನುಮಾನ. ಗೋದೌಲಿಯಾದಲ್ಲಿ ರಿಕ್ಷಾ ಹತ್ತುವಾಗ "ವರುಣಾ ದಾಟ್ನಾ ನಹೀ!" ಎಂದು ಆಜ್ಞೆ ಮಾಡುತ್ತಿದ್ದರು. ಹಿಂದಿಯಲ್ಲಿ ಡಾಂಟ್ನಾ ಎಂದರೆ ಗದರಿಸುವುದು. ರಿಕ್ಷಾದವನು ಪಾಪ, "ನಹೀ ಡಾಂಟೇಂಗೇ ಮಾತಾಜೀ" ಎಂದು ಕೈಮುಗಿದು ಪೆಡಲು ತುಳಿಯುತ್ತಿದ್ದ. ಇಬ್ಬರಿಗೂ ಸಮಾಧಾನ.

ಅವರ ಹಿಂದಿ ಹೀಗಿದ್ದುದರಿಂದಲೇ ಆ ಭಾನುವಾರ ನಾನು ಮೋಸಹೋದೆ.

ಬೆಳಿಗ್ಗೆ ಅವರು ರಿಕ್ಷಾ ಇಳಿದು ಹಿತ್ತಲಿಗೆ ಬಂದಾಗ ಪಕ್ಕದ ಲೈನಿನ ಖಲಾಸಿ ಅಲ್ಲಿದ್ದರು. ಬಲ್ಲಿಯಾ ಕಡೆಯವರು, ಹಳಿಯ ಕೆಲಸದಲ್ಲಿ ತಲೆ ನರೆತವರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಇಬ್ಬರು ಎಳೆಯುವ ಆರಾ, ಅಂದರೆ ಉದ್ದ ಗರಗಸ, ತಮ್ಮ ಮನೆಯಲ್ಲೇ ಇದೆ, ಈ ಭೂತವೇಕೆ ಎಂದು ಇವರಿಗೆ ಬುದ್ಧಿ ಹೇಳುತ್ತಿದ್ದರು. ದೊಡ್ಡತ್ತೆ ಮಾವಿನ ಬುಡವನ್ನು ಒಂದು ಸುತ್ತು ನೋಡಿದರು. ತೊಗಟೆಯ ಮೇಲೆ ಕೈಯಾಡಿಸಿದರು. ಆಮೇಲೆ ಕಾಕಾನ ಕಡೆ ತಿರುಗಿ, "ಹಮ್ ಕೂ ಲಕಡೀ ದೇವ್" ಎಂದರು, ನನಗೆ ಕಟ್ಟಿಗೆ ಕೊಡು ಎಂದು.

ಕಾಕಾ ಎರಡೂ ಕಿವಿ ಮುಟ್ಟಿಕೊಂಡು ಹಾಗನ್ನಬೇಡಿ ಎಂದರು. "ರಾಮ್ ರಾಮ್! ಅಈಸನ್ ಮತ್ ಬೋಲೀಂ ಮಾತಾಜೀ!"

ನನಗೆ ಅರ್ಥವಾಗಲಿಲ್ಲ. ನಮ್ಮವರು ತಗ್ಗಿದ ದನಿಯಲ್ಲಿ ವಿವರಿಸಿದರು: ಈ ಊರಿನಲ್ಲಿ ಒಬ್ಬರಿಗೆ ಲಕಡೀ ಕೊಡುವುದೆಂದರೆ ಅವರ ಚಿತೆಗೆ ಕಟ್ಟಿಗೆ ಹಾಕುವುದು. ನನಗೆ ನಗು ತಡೆಯಲಾಗಲಿಲ್ಲ. ಕಾಕಾ, ಇವರು ಕೇಳಿದ್ದು ಒಲೆಗೆ ಸೌದೆ, ಹಿಂದಿ ಬರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ನನ್ನ ಹಿಂದಿಯಲ್ಲಿ ಸಮಜಾಯಿಷಿ ಹೇಳತೊಡಗಿದೆ.

"ಬಿಡೇ" ಎಂದರು ದೊಡ್ಡತ್ತೆ. "ಅವನಿಗೆ ಸರಿಯಾಗೇ ಅರ್ಥ ಆಗಿದೆ. ನಿನಗೇ ಆಗಿಲ್ಲ."

ಅವರು ಕಟ್ಟೆಯ ಮೇಲೆ ಕೂತು, ಮಾರುಕಟ್ಟೆಯ ವಿಷಯ ಮಾತಾಡುವಷ್ಟೇ ಸಲೀಸಾಗಿ ಹೇಳಿದರು. ಅವರ ಪಕ್ಕದ ಕೋಣೆಯಲ್ಲಿ ಧಾರವಾಡದ ಕಡೆಯ ಮುದುಕಿಯೊಬ್ಬರಿದ್ದರಂತೆ. ಹಿಂದಿನ ತಿಂಗಳು ಹೋದರು. ತಮ್ಮವರು ಎನ್ನುವವರು ಯಾರೂ ಇಲ್ಲ. ಗಲ್ಲಿಯವರೇ ಎತ್ತಿಕೊಂಡು ಹೋದರು. ಸೌದೆ ಸಾಲಲಿಲ್ಲ. ಅರ್ಧ ಬೆಂದದ್ದನ್ನೇ ಬಿದಿರಿನಿಂದ ನೀರಿಗೆ ನೂಕಿಬಿಟ್ಟರು ಎಂದು ಹೋದವರು ಬಂದು ಹೇಳಿದರು.

"ಸಾಯೋಕೆ ನಂಗೆ ಭಯ ಇಲ್ಲ ಕಣೋ ಮಗು" ಎಂದರು ನಮ್ಮವರಿಗೆ. "ಸಾಯೋಕೇ ಬಂದಿರೋದು. ಅರ್ಧಕ್ಕೆ ಬಿಟ್ಟುಬಿಡ್ತಾರಲ್ಲ, ಅದೊಂದು ಭಯ. ನಿಂದು ವರ್ಗದ ಕೆಲಸ, ಆ ಹೊತ್ತಿಗೆ ಎಲ್ಲಿರ್ತೀಯೋ. ಈ ಮರದ್ದು ಒಂದಷ್ಟು ಕೊಯ್ದು, ಒಣಗಿಸಿ ಇಟ್ಟುಬಿಡು. ನಿನ್ನ ಕೈಯಲ್ಲೇ ಆದಂಗಾಗುತ್ತೆ."

ಇವರು ತಲೆ ತಗ್ಗಿಸಿ "ಆಗಲಿ ದೊಡ್ಡಮ್ಮ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಆಗ ನನಗೆ ನಾಲ್ಕು ತುಂಬಿ ಐದನೇ ತಿಂಗಳು. ಮದುವೆಯಾದ ಮೂರು ವರ್ಷಕ್ಕೆ ನಿಂತ ಬಸಿರು. ನನ್ನ ಅಮ್ಮ ಬಾಣಂತನಕ್ಕೆ ಬರುವಂತಿರಲಿಲ್ಲ, ಅಪ್ಪ ಲಕ್ವ ಹೊಡೆದು ಮಲಗಿದ್ದರು. ಊರಿಗೆ ಹೋಗಲು ರೈಲಿನಲ್ಲಿ ಮೂರು ದಿನದ ಪ್ರಯಾಣ ಬೇಡವೆಂದು ಡಾಕ್ಟರಮ್ಮ ಹೇಳಿದ್ದರು. ಇಷ್ಟೆಲ್ಲ ಹೆದರಿಕೆ ಹೊಟ್ಟೆಯಲ್ಲಿಟ್ಟುಕೊಂಡು ಕೂತವಳ ಹಿತ್ತಲಿನಲ್ಲಿ ಚಿತೆಯ ಸೌದೆ ಒಟ್ಟುತ್ತಾರಂತೆ!

"ತೊಟ್ಟಿಲು ಕಟ್ಟೋ ಮನೇಲಿ ಸುಡೋ ಸೌದೆ ಇಡಬೇಕಾ ದೊಡ್ಡತ್ತೆ? ನಿಮಗೆ ಬೇರೆ ಜಾಗ ಸಿಗಲಿಲ್ವಾ?" ಎಂದು ಅಂದೇಬಿಟ್ಟೆ. ಅವರು ನನ್ನ ಹೊಟ್ಟೆಯ ಕಡೆ ನೋಡಿದರು. ಆಡಿದ ಮಾತು ಒಡೆದ ಮುತ್ತು ಎಂದು ಗೊತ್ತಿದ್ದವಳೇ ನಾನು. ಆದರೂ ಕೋಪ ಇಳಿಯಲಿಲ್ಲ.

ಅಷ್ಟರಲ್ಲಿ ನಮ್ಮವರು ವರಾಂಡದಲ್ಲಿ ಹಳೆಯ ಪೇಪರು ಹಾಸಿ ಚೈನು ಕೂಡಿಸಲು ಕೂತಿದ್ದರು. ಚೈನಿನ ಜೊತೆ ಬಂದಿದ್ದ ಚಿತ್ರದ ಹಾಳೆಯನ್ನು ಹಿಡಿದುಕೊಂಡು ಎದುರಿಗೆ ಕೂಡುವುದು ನನ್ನ ಪಾಲಿಗೆ ಬಂತು. ಅವರ ಎರಡೂ ಕೈ ಎಣ್ಣೆಯಾಗಿತ್ತು. ಪಕ್ಕದ ಮುಚ್ಚಳ ಬಿಚ್ಚಿ, ಪಟ್ಟಿ ಕೂಡಿಸಿ, ಚೈನನ್ನು ಹಿಂದಿನ ಹಲ್ಲುಚಕ್ರಕ್ಕೆ ಹಾಕಿ ಪಟ್ಟಿಯ ಸುತ್ತ ತಂದರು. ಚಿತ್ರದಲ್ಲಿ ಸ್ಪಷ್ಟವಾಗಿತ್ತು: ಪಟ್ಟಿಯ ಮೇಲ್ಭಾಗದಲ್ಲಿ ಹಲ್ಲುಗಳು ತುದಿಯ ಕಡೆ ಮುಖ ಮಾಡಿರಬೇಕು. ಅವರು ಹಾಕಿದ ಚೈನಿನಲ್ಲಿ ಹಲ್ಲುಗಳು ಎಂಜಿನ್ನಿನ ಕಡೆ ನೋಡುತ್ತಿದ್ದವು. ಹಾಳೆ ನನ್ನ ಕಡೆಗೆ ನೆಟ್ಟಗಿತ್ತು, ಅವರಿಗೆ ತಲೆಕೆಳಗಾಗಿತ್ತು. ನಾನು ನೋಡಿದೆ. ತಿಳಿಯಿತು. ಹೇಳಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮಿಷನ್ನು ಕೊಯ್ಯದಿದ್ದರೆ ಸೋಮವಾರ ಲಾರಿ ಬರುತ್ತದೆ, ಮರ ಹೋಗುತ್ತದೆ, ಪೀಡೆ ಕಳೆಯುತ್ತದೆ. ಅಷ್ಟೇ ನನ್ನ ಲೆಕ್ಕಾಚಾರ. "ಸರಿಯಿದೆಯೇನೇ?" ಎಂದು ಅವರು ಕೇಳಿದಾಗ "ನಂಗೇನು ಗೊತ್ತಾಗುತ್ತೆ" ಎಂದೆ. ಮಾಮೂಲಾಗಿ ನಾನು ಹಾಗೆ ಹೇಳುವವಳಲ್ಲ. ಆಗಲೇ ಅವರಿಗೆ ಅನುಮಾನ ಬರಬೇಕಿತ್ತು.

ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುರಿದರು. ಹಗ್ಗ ಎಳೆದರು. ಹತ್ತು ಸಲ ಎಳೆದರೂ ಎಂಜಿನ್ನು ಕೆಮ್ಮಿತೇ ಹೊರತು ಎದ್ದೇಳಲಿಲ್ಲ. ಏನೋ ತಿರುಗಿಸಿ, ಏನೋ ಊದಿ, ಮತ್ತೆ ಎಳೆದರು. ಇದ್ದಕ್ಕಿದ್ದಂತೆ ಆ ಮುದುಕ ಎದ್ದು ಅಬ್ಬರಿಸಿದ ಅಬ್ಬರಕ್ಕೆ ಉಳಿದರ್ಧ ಮರದ ಕಾಗೆಗಳೆಲ್ಲ ಹಾರಿಹೋದವು. ಅಕ್ಕಪಕ್ಕದ ಗೋಡೆಗಳ ಮೇಲೆ ತಲೆಗಳು ಮೂಡಿದವು. ನಮ್ಮವರು ಕಾಲು ಅಗಲಿಸಿ ನಿಂತು, ದೇವರನ್ನು ನೆನೆದು, ಬುಡದ ಒಂದು ಗಂಟಿನ ಪಕ್ಕದಲ್ಲಿ ಚೈನು ಇಳಿಸಿದರು.

ಸದ್ದೋ ಸದ್ದು. ಹೊಗೆಯೋ ಹೊಗೆ. ಹಸಿ ಮಾವು ಸುಟ್ಟ ಸಿಹಿ ಸಿಹಿ ವಾಸನೆ ಹಿತ್ತಲೆಲ್ಲ ತುಂಬಿತು. ಅವರು ಮೈಭಾರವೆಲ್ಲ ಹಾಕಿ ಒತ್ತಿದರು. ಹತ್ತು ನಿಮಿಷದ ಮೇಲೆ ನಿಲ್ಲಿಸಿ ನೋಡಿದರೆ ಮರದಲ್ಲಿ ಎರಡು ಬೆರಳಿನಷ್ಟು ಆಳದ, ಕಪ್ಪಗೆ ಸುಟ್ಟ ಒಂದು ಗೀರು.

"ಈ ಕಾ ಹೋತ್ ಬಾ ಬಾಬೂ?" ಎಂದರು ಕಾಕಾ. "ಲಕಡೀ ತ ಕಟತೇ ನಇಖೇ." ಏನಾಗ್ತಿದೆ, ಮರ ಕೊಯ್ಯುತ್ತಲೇ ಇಲ್ಲವಲ್ಲ ಎಂದು.

ಪೆಟ್ರೋಲು ಸರಿಯಿಲ್ಲ ಎಂದರು ನಮ್ಮವರು. ಚೈನು ಸಡಿಲ ಎಂದರು. ಬಿಗಿ ಮಾಡಿ ಮತ್ತೆ ಒತ್ತಿದರು. ಗೀರು ಇನ್ನೂ ಕಪ್ಪಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮುಖ ಸಣ್ಣದಾಗಿತ್ತು. ಕಲ್ಕತ್ತೆಯ ಸ್ನೇಹಿತ ಮೋಸ ಮಾಡಿದನೋ ಏನೋ ಎಂದು ಗೊಣಗಿದರು. ಆಗ ನನಗೆ ಸ್ವಲ್ಪ ಕಸಿವಿಸಿಯಾಯಿತು.

ದೊಡ್ಡತ್ತೆ ಎದ್ದು ಬಂದರು. ಬುಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೆಳಗೆ ಬಿದ್ದ ಪುಡಿಯನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿದರು. ಅದು ಹಿಟ್ಟಿನಷ್ಟು ನುಣ್ಣಗಿತ್ತು. ಮೂಸಿ ನೋಡಿ ನಕ್ಕರು.

"ಇದು ಕೊಯ್ದಿದ್ದಲ್ಲ ಕಣೋ, ತೇಯ್ದಿದ್ದು. ನಾನು ದಿನಾ ಸಾಣೆಕಲ್ಲಿನ ಮೇಲೆ ತೇಯ್ತೀನಲ್ಲ, ಹಂಗೆ. ಮಾವಿನ ಮರ ತಂದು ಗಂಧದ ಕೊರಡು ಮಾಡಿಬಿಟ್ಯಲ್ಲೋ!"

ಎಲ್ಲರೂ ನಕ್ಕರು, ನಮ್ಮವರೊಬ್ಬರನ್ನು ಬಿಟ್ಟು. ಕನ್ನಡ ಬಾರದ ಕಾಕಾನೂ ನಕ್ಕರು. ನಗು ನಿಂತ ಮೇಲೆ ದೊಡ್ಡತ್ತೆ ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ಮೊಣಕಾಲು ಹಿಡಿದು ಮೆಲ್ಲಗೆ ಎದ್ದರು.

"ಹೋಗಲಿ ಬಿಡು ಮಗು. ಬೆವರಿಳಿಸಬೇಡ. ನಂಗೆ ಅಷ್ಟೇ ಋಣ ಅಂತ ಕಾಣುತ್ತೆ. ಆ ಧಾರವಾಡದೋಳಿಗೆ ಆದದ್ದು ನಂಗೂ ಆಗುತ್ತೆ, ಅದಕ್ಕೇನಂತೆ. ಒಂದು ರಿಕ್ಷಾ ಕರಿ."

ಹೇಳುವಾಗ ದನಿಯಲ್ಲಿ ಬೇಸರವಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅವರು ಚಪ್ಪಲಿ ಹುಡುಕುತ್ತ ಬೆನ್ನು ತಿರುಗಿಸಿದರು. ಆ ಬೆನ್ನು ಒಂದು ಮಗುವಿನ ಬೆನ್ನಿನಷ್ಟು ಸಣ್ಣದಾಗಿ ಕಂಡಿತು. ಇಷ್ಟು ಮೈಯನ್ನು ಸುಡಲು ಎಷ್ಟು ಸೌದೆ ಬೇಕು, ಅಷ್ಟಕ್ಕೂ ಕಲ್ಲು ಹಾಕಿದೆನಲ್ಲ ಎನ್ನಿಸಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಚೈನು ತಿರುಗುಮುರುಗಾಗಿದೆ" ಎಂದೆ.

"ಏನು?" ಎಂದರು ನಮ್ಮವರು.

"ಹಲ್ಲು ನಿಮ್ಮ ಕಡೆ ನೋಡ್ತಿದೆ. ಆ ಕಡೆ ನೋಡಬೇಕು. ಚಿತ್ರದಲ್ಲಿ ಹಂಗಿದೆ."

ಅವರು ಹಾಳೆ ನೋಡಿದರು, ಚೈನು ನೋಡಿದರು, ಹಣೆ ಚಚ್ಚಿಕೊಂಡರು. ಹಣೆಯ ಮೇಲೆ ಎಣ್ಣೆಯ ಕರಿ ನಾಮ ಬಿತ್ತು. ದೊಡ್ಡತ್ತೆ ಒಂದು ಚಪ್ಪಲಿ ಮೆಟ್ಟಿಕೊಂಡು ನಿಂತವರು ತಿರುಗಿ ನನ್ನನ್ನು ನೋಡಿದರು. ನಾನು ಹಾಳೆ ಮಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಮುಚ್ಚಳ ಬಿಚ್ಚಿ, ಚೈನು ತಿರುಗಿಸಿ ಹಾಕಿ, ಮತ್ತೆ ಬಿಗಿ ಮಾಡಲು ಅರ್ಧ ಗಂಟೆ ಹಿಡಿಯಿತು. ಈ ಸಲ ಎರಡನೇ ಎಳೆತಕ್ಕೇ ಎಂಜಿನ್ನು ಎದ್ದಿತು. ಗೀರಿನ ಜಾಗ ಬಿಟ್ಟು ಅದರಾಚೆ ಇಳಿಸಿದರು. ಒತ್ತುವ ಕೆಲಸವೇ ಇರಲಿಲ್ಲ. ಚೈನು ತಾನೇ ಮರವನ್ನು ಎಳೆದುಕೊಂಡು ಒಳಗಿಳಿಯಿತು. ಗಟ್ಟಿ ಅವಲಕ್ಕಿಯಂಥ ಹಳದಿ ಚೂರುಗಳು ಅವರ ಪಂಚೆಯ ಮೇಲೆ, ಕಾಲ ಮೇಲೆ ಸುರಿದವು. ಮೊದಲ ತುಂಡು ದೊಪ್ಪನೆ ಬಿದ್ದಾಗ ಗೋಡೆಯ ಮೇಲಿನ ತಲೆಗಳೆಲ್ಲ "ವಾಹ್ ಬಾಬೂ!" ಎಂದವು. ನಮ್ಮವರು ಎಂಜಿನ್ನು ನಿಲ್ಲಿಸಿ, ಯಾರೂ ಕೇಳದಿದ್ದರೂ, ಹೊಸ ಚೈನು ಹೀಗೆಯೇ, ಮೊದಲು ಸ್ವಲ್ಪ ಪಳಗಬೇಕು ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬುಡವೆಲ್ಲ ತುಂಡಾಯಿತು. ಕಾಕಾ ಕೊಡಲಿಯಲ್ಲಿ ಸೀಳಿಕೊಟ್ಟರು. ಹಿತ್ತಲಿನ ತಗಡಿನ ಮರೆಯಲ್ಲಿ ಒಪ್ಪವಾಗಿ ಒಟ್ಟಿದೆವು. ಸುಟ್ಟ ಗೀರಿದ್ದ ತುಂಡು ಮಾತ್ರ ಗಂಟಿನದು, ಕೊಡಲಿಗೂ ಬಗ್ಗಲಿಲ್ಲ. ಅದು ನಮ್ಮ ಮನೆಯಲ್ಲಿ ಗಂಧದ ಕೊರಡೆಂದೇ ಹೆಸರಾಯಿತು. ಇವರು ಯಾವ ಯಂತ್ರ ಬಿಚ್ಚಲು ಕೂತರೂ "ಕೊಯ್ಯೋದೋ, ಗಂಧ ತೇಯೋದೋ?" ಎಂದು ಕೇಳುವುದು ರೂಢಿಯಾಯಿತು.

ಮಳೆಗಾಲದುದ್ದಕ್ಕೂ ದೊಡ್ಡತ್ತೆ ಭಾನುವಾರ ಬಂದವರು ಮೊದಲು ಸೌದೆಯ ಹತ್ತಿರ ಹೋಗಿ, ಒದ್ದೆಯಾದದ್ದನ್ನು ಮೇಲಿಟ್ಟು, ಒಣಗಿದ್ದನ್ನು ಕೆಳಗಿಟ್ಟು ಬರುತ್ತಿದ್ದರು. ಹಪ್ಪಳ ಒಣಹಾಕಿದವರ ಹಾಗೆ. ಅವರ ಮುಖದಲ್ಲಿ ಒಂದು ನಿಶ್ಚಿಂತೆ ಬಂದಿತ್ತು. ನನಗೂ ಆ ರಾಶಿಯ ಭಯ ಹೋಗಿತ್ತು.

ಕಾರ್ತಿಕದಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೋಡಿದರೆ ದೊಡ್ಡತ್ತೆ ಗಂಟುಮೂಟೆ ಸಮೇತ ಬಂದು ಕೂತಿದ್ದಾರೆ. ಹಿತ್ತಲಿನಲ್ಲಿ ಇಟ್ಟಿಗೆಯ ಒಲೆ ಹೂಡಿಸಿ, ಕಾಕಾನ ಮನೆಯಿಂದ ತಾಮ್ರದ ಹಂಡೆ ತರಿಸಿದ್ದರು. ಇಲ್ಲಿಯ ಅಂಗೀಠಿ ಒಲೆಯ ಇದ್ದಿಲಿಗೆ ಚಹಾ ಕಾಯಬಹುದು, ಬಾಣಂತಿ ನೀರು ಕಾಯುತ್ತದೆಯೇ ಎಂಬುದು ಅವರ ಪ್ರಶ್ನೆ. ಒಲೆಯೊಳಗೆ ಮಾವಿನ ಸೌದೆ ಧಗಧಗ ಉರಿಯುತ್ತಿತ್ತು.

"ದೊಡ್ಡತ್ತೆ, ಅದು ನಿಮ್ಮದು!" ಎಂದೆ.

"ಗೊತ್ತು ಕಣೆ. ಬದುಕಿರೋರ ನೀರು ಕಾಯಲಿ ಮೊದಲು. ಸತ್ತೋರದ್ದು ಆಮೇಲೆ ನೋಡಿಕೊಂಡರಾಯ್ತು."

ಮೂರು ತಿಂಗಳು ದಿನವೂ ಎರಡು ಹಂಡೆ ನೀರು. ನನ್ನ ಬೆನ್ನಿನ ಮೇಲೆ ಚೊಂಬು ಚೊಂಬಾಗಿ ಬಿಸಿನೀರು ಹೊಯ್ಯುತ್ತಿದ್ದರು. ಒಂದು ದಿನ ಹಾಗೆ ಹೊಯ್ಯುತ್ತಲೇ, "ಆವತ್ತು ನಿನಗೆ ಮೊದಲೇ ಗೊತ್ತಿತ್ತು ಅಲ್ವೇನೇ, ಆ ಚೈನಿನದು?" ಎಂದರು. ನಾನು ಮುಖ ಮುಚ್ಚಿಕೊಂಡು "ಹೂಂ" ಎಂದೆ. ಅವರು ಇನ್ನೊಂದು ಚೊಂಬು ಹೊಯ್ದರು. "ಕಣ್ಣು ಮುಚ್ಚಿಕೋ, ಸೀಗೆಪುಡಿ ಇಳಿಯುತ್ತೆ" ಎಂದರು. ನಾನು ಅಲ್ಲೇ ಕೂತು ಅತ್ತೆ. ನೀರಿನಲ್ಲಿ ಕಾಣಲಿಲ್ಲವೆಂದುಕೊಂಡಿದ್ದೇನೆ.

ಚಳಿ ಮುಗಿಯುವ ಹೊತ್ತಿಗೆ ತಗಡಿನ ಮರೆ ಖಾಲಿಯಾಗಿತ್ತು. ಒಲೆಯ ಬಾಯಿಗೆ ಹಿಡಿಸದ ಗಂಧದ ಕೊರಡು ಒಂದೇ ಉಳಿಯಿತು. ಮಗಳು ಕೂರುವುದು ಕಲಿತ ಮೇಲೆ ಅದೇ ಅವಳ ಕುರ್ಚಿಯಾಯಿತು. ಮಿಷನ್ನು ಇನ್ನೊಂದೆರಡು ಸಲ ಗರ್ಜಿಸಿ, ಗುಜರಿಗೇ ವಾಪಸು ಹೋಯಿತು.

ಮಗಳಿಗೆ ನಾಲ್ಕು ವರ್ಷವಾದಾಗ ದೊಡ್ಡತ್ತೆ ಹೋದರು. ಬೆಳಗಿನ ಸ್ನಾನ ಮುಗಿಸಿ ಬಂದು, ಗಂಧ ತೇಯುತ್ತ, ಸಾಣೆಕಲ್ಲಿನ ಮುಂದೆಯೇ ಒರಗಿದರಂತೆ. ಅವರ ಪುಣ್ಯ, ನಮಗೆ ಅಷ್ಟರವರೆಗೂ ವರ್ಗವಾಗಿರಲಿಲ್ಲ. ಸುದ್ದಿ ಬಂದ ಕೂಡಲೇ ನಮ್ಮವರು ಹೊರಟರು. ಗೇಟಿನವರೆಗೆ ಹೋದವರು ಹಿಂದಕ್ಕೆ ಬಂದು, ಮಗಳ ಕುರ್ಚಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡರು.

ಘಾಟಿನಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಕಾಕಾ ಆಮೇಲೆ ಹೇಳಿದರು. ಇವರು ಬೇಕಾದ್ದಕ್ಕಿಂತ ಹೆಚ್ಚೇ ಸೌದೆ ತೂಗಿಸಿದರಂತೆ. ಉಳ್ಳವರು ಚಿತೆಯ ಮೇಲೆ ಒಂದು ಚೂರು ಶ್ರೀಗಂಧ ಇಡುತ್ತಾರೆ, ಸೌದೆಯವನು "ಚಂದನ್ ಚಾಹಿಯೇ ಬಾಬೂ?" ಎಂದು ಕೇಳಿದ. "ಚಂದನ್ ಹಮ್ ಘರ್ ಸೇ ಲಾಯೇ ಹೈಂ", ಗಂಧ ಮನೆಯಿಂದಲೇ ತಂದಿದ್ದೇವೆ, ಎಂದು ಇವರು ಟವೆಲು ಬಿಚ್ಚಿದರು. ಕಪ್ಪು ಗೀರಿನ ಮಾವಿನ ಗಂಟು. ಆ ಸೌದೆಯವನು ಅದನ್ನೂ ಇವರ ಮುಖವನ್ನೂ ನೋಡಿ, ತಾನೇ ಎತ್ತಿ ಎದೆಯ ಹತ್ತಿರ ಇಟ್ಟನಂತೆ.

ಸಂಜೆ ಇವರು ಒದ್ದೆ ಪಂಚೆಯಲ್ಲಿ ಬಂದು ಬಾಗಿಲ ಹೊರಗೆ ನಿಂತರು. "ಪೂರ್ತಿ ಆಯ್ತು ಕಣೆ" ಎಂದರು. "ಕೊನೇವರೆಗೂ ನಿಂತಿದ್ದೆ. ಏನೂ ಉಳೀಲಿಲ್ಲ."

ಮಗಳು ಹಿತ್ತಲಿನಲ್ಲಿ ತನ್ನ ಕುರ್ಚಿ ಹುಡುಕುತ್ತಿದ್ದಳು. ಅವಳದು ಆಗಲೇ ಪೂರಾ ಹಿಂದಿ. "ಅಮ್ಮಾ, ಮೇರೀ ವಾಲೀ ಲಕಡೀ ಕಹಾಂ ಹೈ?" ಎಂದು ಕೇಳಿದಳು, ನನ್ನ ಕಟ್ಟಿಗೆ ಎಲ್ಲಿ ಎಂದು. ನಾನು ಇವರ ಮೇಲೆ ನೀರು ಹೊಯ್ಯಲು ಕೊಡ ಎತ್ತಿದ್ದೆ. ಅಜ್ಜಿಗೆ ಕೊಟ್ಟೆವೆಂದು ಅವಳ ಹಿಂದಿಯಲ್ಲೇ ಹೇಳಿದೆ: "ಅಜ್ಜೀ ಕೋ ದೇ ದೀ."